ಗುಡ್ಡೆಯ ಮಣ್ಣು, ಹೊಳೆಯ ಮಣ್ಣು

ನೆರೆ ಇಳಿದ ಮೇಲಿನ ಕೆಸರಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಪಾಣೆಮಂಗಳೂರಿನ ನಮ್ಮ ಹಳೆಯ ಮನೆ ಕಣ್ಣೆದುರು ಬರುತ್ತದೆ. ಅದರ ಹಿಂದೆಯೇ ಅಪ್ಪನ ಗುದ್ದಲಿಯ ಮರದ ಕಾವೂ ಬರುತ್ತದೆ. ನೀವೂ ಅಂಥ ಮನೆಯೊಂದನ್ನು ಕಳಕೊಂಡವರಾದರೆ, ಸಿಹಿಯೊಂದೇ ನೆನಪಾಗುವುದಿಲ್ಲವೆಂದು ನಿಮಗೆ ಗೊತ್ತು. ಮನೆಯ ಮುಂದೆ ನೇತ್ರಾವತಿ, ಹಿಂದೆ ಮುರಕಲ್ಲಿನ ಗುಡ್ಡೆ, ನಡುವೆ ನಮಗೆ ಅನ್ನ ಕೊಡುವ ಬೈಲುಗದ್ದೆ. ಬೆಳ್ತಂಗಡಿಯ ಆಚೆ ಘಟ್ಟದಲ್ಲಿ ಕೊಳೆತ ಎಲೆ, ಸವೆದ ಕಲ್ಲು ಎಲ್ಲವನ್ನೂ ಹೊಳೆ ಹೊತ್ತು ತಂದು ಗದ್ದೆಗೆ ಹಾಸುತ್ತಿತ್ತು. ಬೆರಳಿಟ್ಟರೆ ಬೆಣ್ಣೆ. ಗುಡ್ಡೆಯಲ್ಲಾದರೋ ಇದ್ದದ್ದು ಒಂದು ಗೇಣು ಕೆಂಪುಮಣ್ಣು, ಅದರಡಿ ಇನ್ನೂ ಗಟ್ಟಿ ಕಲ್ಲಾಗದ ಮುರ. ಆ ಒಂದು ಗೇಣು ಮಣ್ಣಾಗಲು ಎಷ್ಟು ತಲೆಮಾರಿನ ಸೊಪ್ಪು ಉದುರಿ ಕೊಳೆತಿತ್ತೋ!

ನಾನು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಐವತ್ತರ ದಶಕದ ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ಹೊಳೆಗೆ ಹುಚ್ಚು ಹಿಡಿಯಿತು. ಕೊಟ್ಟಿಗೆಯನ್ನು ದನಗಳ ಸಮೇತ ಕಿತ್ತುಕೊಂಡು ಹೋಯಿತು. ನೀರು ಇಳಿದಾಗ ಗದ್ದೆಯ ತುಂಬ ಮೊಣಕಾಲೆತ್ತರ ಬರೀ ಹೊಯಿಗೆ, ಏನೂ ಬೆಳೆಯದ ಮರಳು. ಗುಡ್ಡೆಯ ಮಣ್ಣು ಕೆರೆದು ಅದರ ಮೇಲೆ ತುಂಬಿಸುತ್ತೇನೆಂದು ಹಠಮಾರಿ ಅಪ್ಪ ಹೊರಟರು. ಅವರ ಅಣ್ಣ, ನಮ್ಮ ದೊಡ್ಡಪ್ಪ, ಗುಡ್ಡೆಯ ದಾರಿಗೆ ಅಡ್ಡ ನಿಂತರು.

"ಮೇಲಿನ ಮಣ್ಣು ತೆಗೆದರೆ ಅಡಿಯದ್ದು ಬಿಸಿಲಿಗೆ ಕಲ್ಲಾಗ್ತದೆ ಮಾರಾಯ. ಹೊಳೆಯೇ ಮತ್ತೆ ಮಣ್ಣು ತಂದು ಹಾಕ್ತದೆ. ನಾಲ್ಕು ಮಳೆಗಾಲ ಕಾಯುವ."

"ಅಷ್ಟರವರೆಗೆ ಮಕ್ಕಳು ಹೊಯಿಗೆ ತಿನ್ನುವುದಾ? ಅಣ್ಣ, ದಾರಿ ಬಿಡು."

ದೊಡ್ಡಪ್ಪ ಕದಲಲಿಲ್ಲ. ಅಪ್ಪ ಗುದ್ದಲಿಯ ಕಾವಿನಿಂದ ಹೊಡೆದರು. ಒಂದೇಟಿಗೆ ನಿಲ್ಲಿಸಲಿಲ್ಲ. ಭುಜದ ಎಲುಬು ಮುರಿದ ಸದ್ದು ಅಂಗಳದಲ್ಲಿದ್ದ ನನಗೂ ಕೇಳಿತು. ದೊಡ್ಡಪ್ಪನ ಬಾಯಿಯ ರಕ್ತ ಕೆಂಪುಮಣ್ಣಿಗೆ ಬಿದ್ದು ಕಾಣದಾಯಿತು. ಅಪ್ಪನನ್ನು ನಾನು ಆ ಹೊತ್ತಿನಲ್ಲಿ ದ್ವೇಷಿಸಿದೆ. ಅದೇ ವಾರ ದೊಡ್ಡಪ್ಪ ಮೂಡುಬಿದಿರೆಯ ಕಡೆ, ಮಿಜಾರಿನ ಮಗಳ ಮನೆಗೆ ಹೋದರು. ಮತ್ತೆ ನಮ್ಮ ಅಂಗಳ ತುಳಿಯಲಿಲ್ಲ.

ಅಪ್ಪ ಬೇಸಗೆಯಿಡೀ ಗುಡ್ಡೆ ಕೆರೆದು ಮಣ್ಣು ಹೊತ್ತರು. ಮುಂದಿನ ನೆರೆ ಅದನ್ನೆಲ್ಲ ಒಂದೇ ದಿನದಲ್ಲಿ ನೆಕ್ಕಿಬಿಟ್ಟಿತು. ಕೆರೆದ ಗುಡ್ಡೆ ದೊಡ್ಡಪ್ಪ ಹೇಳಿದಂತೆಯೇ ಕಲ್ಲಾಯಿತು, ಅಲ್ಲಿ ಹುಲ್ಲೂ ಹುಟ್ಟಲಿಲ್ಲ. ಗದ್ದೆ ಮಾತ್ರ ವರ್ಷ ವರ್ಷ ಹೊಳೆಯ ಮೆಕ್ಕಲುಮಣ್ಣು ಉಂಡು ಮತ್ತೆ ಹಸುರಾಯಿತು.

ಎಷ್ಟೋ ವರ್ಷಗಳ ಮೇಲೆ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ಮರುದಿನದಿಂದ ಅಪ್ಪ ಗದ್ದೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಗುಡ್ಡೆಯ ಬೋಳುಕಲ್ಲಿನ ಮೇಲೆ ಸುರಿಯತೊಡಗಿದರು. ಮಳೆ ತೊಳೆಯುತ್ತಿತ್ತು, ಅವರು ಮತ್ತೆ ಹೊರುತ್ತಿದ್ದರು. ನೋಡಲಾರದೆ ಒಂದು ಸಂಜೆ ಅಮ್ಮ ಅದೇ ದಾರಿಗೆ ಅಡ್ಡ ನಿಂತಳು.

"ನಿಲ್ಲದ ಮಣ್ಣನ್ನು ಯಾಕೆ ಹೊರುವುದು ನೀವು?"

ಅಪ್ಪ ಬುಟ್ಟಿ ಇಳಿಸಲಿಲ್ಲ. "ನೀನಲ್ಲ," ಅಂದರು. "ಅಣ್ಣ ಅಡ್ಡ ಬರ್ತಾನಾ ಅಂತ ನೋಡ್ತಾ ಇದ್ದೇನೆ."

ಅಮ್ಮ ದಾರಿ ಬಿಟ್ಟಳು.