ಎರಡು ಮುರಿದ ಕೈ

ವರ್ನಾ ನನ್ನ ದೊಡ್ಡಮ್ಮ. ಈ ನೆಲದ ಮೂಲನಿವಾಸಿಗಳಾದ ನಮ್ಮವರಲ್ಲಿ ತಾಯಿಯ ಅಕ್ಕ ಅಂದರೆ ತಾಯಿಯೇ. ಬೈಯುವ ಹಕ್ಕೂ ಅವಳದ್ದು, ಉಣ್ಣಿಸುವ ಹಕ್ಕೂ ಅವಳದ್ದು. ಡಾರ್ಲಿಂಗ್ ನದಿಯ ದಂಡೆಯ ಬೆಲಾರಾ ಎಂಬ ನಮ್ಮೂರಿನ ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ನೆಲ ಒರೆಸಿದಳು. ಮನೆಗೆ ಬಂದ ಮೇಲೂ ಒರೆಸುತ್ತಿದ್ದಳು. ಅದು ಅವಳ ತಾಯಿಯಿಂದ ಬಂದ ರೋಗ. ನಮ್ಮವರನ್ನು ಇಟ್ಟಿದ್ದ ಊರಾಚೆಯ ಮಿಷನ್ ಕೇರಿಯ ತಗಡಿನ ಮನೆಗಳಿಗೆ ಆಗ ಮಕ್ಕಳ ಕಲ್ಯಾಣ ಇಲಾಖೆಯ ವೆಲ್‌ಫೇರ್‌ನವರು ಬಂದು, ಬೀರು ತೆಗೆದು, ಹಾಸಿಗೆ ಮೂಸಿ ನೋಡುತ್ತಿದ್ದರು. ಕೊಳೆ ಕಂಡರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಕಾಣದಿದ್ದರೂ ಎತ್ತಿಕೊಂಡು ಹೋಗುತ್ತಿದ್ದರು. ದೊಡ್ಡಮ್ಮನ ಇಬ್ಬರು ಅಣ್ಣಂದಿರು ಹಾಗೆ ಹೋದವರು. ಒಬ್ಬ ಮಾತ್ರ ತಲೆ ನರೆತ ಮೇಲೆ ತಿರುಗಿ ಬಂದ, ಬಂದು ನಮ್ಮ ಹೆಸರುಗಳನ್ನೆಲ್ಲ ನೆಂಟರ ಮನೆಗೆ ಬಂದ ಹೊಸಬನ ಹಾಗೆ ಒಂದೊಂದಾಗಿ ಕೇಳಿಕೊಂಡ.

ಆ ಕಾಲ ಮುಗಿಯಿತು ಅಂತ ಎಲ್ಲರೂ ಹೇಳುತ್ತಿದ್ದರು. ಸರ್ಕಾರ ಕ್ಷಮೆಯನ್ನೂ ಕೇಳಿತ್ತು. ದೊಡ್ಡಮ್ಮನೂ ನಂಬಿದ್ದಳು ಅಂತ ಕಾಣುತ್ತದೆ.

ನಮ್ಮಲ್ಲಿ ನಡುಬೇಸಿಗೆಯಾದ ಜನವರಿಯ ಒಂದು ಭಾನುವಾರ, ಕಾಗೆಗಳೂ ಬಾಯಿ ಬಿಟ್ಟುಕೊಂಡು ಕೂತಿದ್ದ ಬಿಸಿಲಲ್ಲಿ, ಅವಳ ಮಗಳು ಶೆರೀ ತನ್ನ ನಾಲ್ಕು ವರ್ಷದ ಮಗ ಕೋಬಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ ಬಂದಳು. ಹುಡುಗ ಹಿತ್ತಲಲ್ಲಿ ಟ್ರ್ಯಾಂಪೊಲೀನ್ ಮೇಲೆ ಕುಣಿಯುತ್ತ ಬಿದ್ದು ಮೊಣಕೈ ಮೇಲಿನ ಮೂಳೆ ಮುರಿದುಕೊಂಡಿದ್ದ. ಅವಳ ಬೆನ್ನಿಗೇ ಕರ್ಸ್ಟಿ ಹಾಲಿಸ್ ಬಂದಳು. ಊರಿಂದ ಆಚೆ ಸಾವಿರಾರು ಕುರಿ ಇಟ್ಟಿರುವ ಬಿಳಿಯರ ಮನೆಯ ಸೊಸೆ. ಅವಳ ಮಗ ಹೇಮಿಶ್ ಕೂಡ ಟ್ರ್ಯಾಂಪೊಲೀನ್‌ನಿಂದಲೇ ಬಿದ್ದಿದ್ದ. ಮುರಿದದ್ದೂ ಅದೇ ಮೂಳೆ. ಇಬ್ಬರು ತಾಯಂದಿರೂ ಅಳುತ್ತಿದ್ದರು, ಇಬ್ಬರು ಹುಡುಗರೂ ಅರಚುತ್ತಿದ್ದರು. ಆವತ್ತು ಕೆಲಸದ ಮೇಲಿದ್ದ ದೊಡ್ಡಮ್ಮ ಒರೆಸುವ ಕೋಲು ಹಿಡಿದುಕೊಂಡೇ ಎಲ್ಲವನ್ನೂ ನೋಡಿದಳು.

ನರ್ಸಮ್ಮ ಹೇಮಿಶ್‌ನ ಕೆನ್ನೆ ಸವರಿ, ನನ್ನ ಮಗ, ಆ ಮಂಗನೂ ಹೀಗೇ ಬಿದ್ದಿದ್ದ ಅಂತ ನಕ್ಕು, ಕೈಗೆ ಮಿಠಾಯಿ ಕೊಟ್ಟಳು. ಆಮೇಲೆ ಶೆರೀಯ ಕಡೆ ತಿರುಗಿದಳು. ಬಿದ್ದಾಗ ಮನೆಯಲ್ಲಿ ಯಾರ‍್ಯಾರಿದ್ದರು, ಅದರಲ್ಲಿ ಕುಡಿಯುವವರು ಯಾರು, ಹುಡುಗನ ಅಪ್ಪ ಎಲ್ಲಿ, ಕಣಕಾಲಿನ ಮೇಲೆ ಹಳೇ ಕಂದು ಗುರುತು ಹೇಗೆ ಬಂತು ಎಂದು ಒಂದರ ಮೇಲೊಂದು ಪ್ರಶ್ನೆ. ಹೇಮಿಶ್‌ನ ಕಾಲಲ್ಲಿ ಅದಕ್ಕಿಂತ ಹೆಚ್ಚು ಗುರುತುಗಳಿದ್ದವು. ಮರ ಹತ್ತುವ ಹುಡುಗರ ಕಾಲು ಇನ್ನು ಹೇಗಿರುತ್ತದೆ?

ಹೇಮಿಶ್ ಕೈಗೆ ಪಟ್ಟಿ ಹಾಕಿಸಿಕೊಂಡು ಸಂಜೆ ಮನೆಗೆ ಹೋದ. ಕೋಬಿಯನ್ನು ವಾರ್ಡಿನಲ್ಲೇ ಇಟ್ಟುಕೊಂಡರು. ಮಾರನೇ ದಿನ ವೆಲ್‌ಫೇರ್‌ನ ಇಬ್ಬರು ಹೆಂಗಸರು ಪೊಲೀಸರ ಜತೆ ಬಂದು, ಮಗು ಅಪಾಯದಲ್ಲಿದೆ ಅಂತ ಹೇಳಿ ಅವನನ್ನು ಬಿಳೀ ಕಾರಿನಲ್ಲಿ ಕೂರಿಸಿಕೊಂಡು ದೂರದ ಊರಿನ ಅಪರಿಚಿತರ ಮನೆಗೆ ಕರೆದೊಯ್ದರು. ಶೆರೀ ಕಾರಿನ ಹಿಂದೆ ಸೇತುವೆಯವರೆಗೂ ಓಡಿದಳು. ದೊಡ್ಡಮ್ಮ ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು.

ಅವತ್ತು ಅವಳ ಬೆನ್ನು ನೀವುತ್ತ, ಸಿಟ್ಟು ಮಾಡ್ಕೋಬೇಡ ಅಂದೆ.

"ಸಿಟ್ಟಲ್ಲ ಕಣೇ. ಸಿಟ್ಟು ಬಂದ್ರೆ ಬೈದು ಹಗುರ ಆಗ್ಬಹುದು. ಇದು ಹೇಸಿಗೆ. ನಾನು ಒರೆಸಿದ ನೆಲದ ಮೇಲೇ ನಿಂತ್ಕೊಂಡು ನನ್ನ ಮೊಮ್ಮಗನ್ನ ಎತ್ಕೊಂಡು ಹೋದ್ರು."

ವಕೀಲರ ಹತ್ತಿರ ಹೋದದ್ದಾಯಿತು, ಕಚೇರಿಗಳಲ್ಲಿ ಕಾದದ್ದಾಯಿತು. ಕೊನೆಗೆ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ಧೂಳು ರಸ್ತೆಯಲ್ಲಿ ಹಾಲಿಸ್ ಮನೆಗೇ ಕಾರು ಬಿಟ್ಟಳು. ನಾಯಿಗಳು ಬೊಗಳುತ್ತಿದ್ದಂತೆ ಕರ್ಸ್ಟಿ ವರಾಂಡಕ್ಕೆ ಬಂದಳು. ಪಾಪ ಅಂದಳು, ನಾನೇನು ಮಾಡಲಿ ಅಂದಳು. ದೊಡ್ಡಮ್ಮ ಮೆಟ್ಟಿಲು ಹತ್ತಲಿಲ್ಲ. ಕೋರ್ಟಿಗೆ ಬಂದು, ನಿನ್ನ ಮಗನೂ ಹಾಗೇ ಬಿದ್ದ ಅಂತಲೂ ನಿನ್ನನ್ನು ಯಾರೂ ಏನೂ ಕೇಳಲಿಲ್ಲ ಅಂತಲೂ ಹೇಳು, ಅಷ್ಟು ಸಾಕು ಅಂದಳು. ಕರ್ಸ್ಟಿ ಕೆಟ್ಟವಳಲ್ಲ. ಬಂದಳು, ಹೇಳಿದಳು. ನಾವು ತಿಂಗಳುಗಟ್ಟಲೆ ಹೇಳಿದ್ದನ್ನೇ ಅವಳು ಹೇಳಿದಳು. ನಮ್ಮ ಬಾಯಲ್ಲಿ ನೆಪವಾಗಿದ್ದದ್ದು ಅವಳ ಬಾಯಲ್ಲಿ ಸಾಕ್ಷಿಯಾಯಿತು.

ಕೋಬಿ ತಿರುಗಿ ಬಂದ. ಕೈ ಕೂಡಿತ್ತು. ಮಾತು ಮಾತ್ರ ನಿಂತುಹೋಗಿತ್ತು. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಮನೆ ಮುಂದೆ ಬಿಳೀ ಕಾರು ನಿಂತರೆ ಮೇಜಿನಡಿ ಸೇರಿಕೊಳ್ಳುತ್ತಿದ್ದ. ಕರ್ಸ್ಟಿ ಅವನಿಗೊಂದು ಗೊಂಬೆ ತಂದುಕೊಟ್ಟಳು. ದೊಡ್ಡಮ್ಮ ಅವಳಿಗೆ ಉಪಕಾರವಾಯಿತು ಅಂದಳು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ನಮ್ಮ ಮಗೂನ ಕೇಳೋಕೂ ಬಿಳೀ ಬಾಯಿ ಎರವಲು ತರಬೇಕಾಯ್ತು, ನೋಡು," ಅಂದಳು.

ಇದಾದ ಮರುವರ್ಷ ಇಲಾಖೆಗೆ ಜ್ಞಾನೋದಯವಾಯಿತು. ಮೂಲನಿವಾಸಿಗಳ ಮಕ್ಕಳನ್ನು ಬಿಳಿಯರ ಮಕ್ಕಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಎತ್ತಿಕೊಂಡು ಹೋಗುತ್ತಿದ್ದೇವೆ, ಈ ಅಂತರ ಕಡಿಮೆಯಾಗಬೇಕು ಅಂತ ಒಂದು ಸಮಿತಿ ಮಾಡಿದರು. ಅದರ ಮುಖ್ಯಸ್ಥೆ ಡಬ್ಬೋ ನಗರದಿಂದ ಬರುತ್ತಿದ್ದ ಪ್ರೂ ಎಂಬಾಕೆ. ಕಿವಿಯಲ್ಲಿ ನಮ್ಮವರ ಚುಕ್ಕಿ ಚಿತ್ತಾರದ ಓಲೆ. ದೊಡ್ಡಮ್ಮನನ್ನೂ ಸಮಿತಿಗೆ ಸೇರಿಸಿಕೊಂಡಳು. ಟೀ, ಕೊಬ್ಬರಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು, ಕೇಳಿಸಿಕೊಳ್ಳುತ್ತಿದ್ದೇವೆ, ಕಲಿಯುತ್ತಿದ್ದೇವೆ ಎಂಬ ಮಾತು. ಇಡೀ ವರ್ಷ ಕೇಳಿಸಿಕೊಂಡರು. ದೊಡ್ಡಮ್ಮ ಆಡಿದ್ದು ಒಂದೇ ಮಾತು.

"ಇವಳಿಗೆ ಕೇಳಿದ್ದನ್ನ ಅವಳಿಗೂ ಕೇಳಿ. ಇಲ್ಲಾಂದ್ರೆ ಇಬ್ರಿಗೂ ಮಿಠಾಯಿ ಕೊಟ್ಟು ಕಳ್ಸಿ. ಇದಕ್ಕೆ ಸಮಿತಿ ಯಾಕಮ್ಮ?"

ಅದನ್ನೇ ನಿಯಮ ಮಾಡಿದರು. ಪೆಟ್ಟಾಗಿ ಬಂದ ಮಗು ಯಾರದ್ದಾದರೂ ಪ್ರಶ್ನೆಗಳು ಒಂದೇ. ದೊಡ್ಡಮ್ಮನನ್ನು ಮಧ್ಯೆ ನಿಲ್ಲಿಸಿ ಫೋಟೋ ತೆಗೆದು ಆಸ್ಪತ್ರೆಯ ಗೋಡೆಗೆ ಹಾಕಿದರು. ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು, ನನಗೆ ಗೊತ್ತು.

ಒಂದು ಚಳಿಗಾಲವೂ ಪೂರ್ತಿ ಕಳೆಯಲಿಲ್ಲ. ಔಷಧಿ ಅಂಗಡಿಯವನ ಮಗಳು ಗದ್ದ ಒಡೆದುಕೊಂಡು ಬಂದಾಗ ನರ್ಸಮ್ಮ ನಿಯಮದಂತೆ, ಮನೆಯಲ್ಲಿ ಕುಡಿಯುವವರು ಯಾರು ಅಂತ ಕೇಳಿದಳು. ಆತ ಕೆಂಡವಾದ. ಆಮೇಲೆ ಬ್ಯಾಂಕಿನವರು, ಶಾಲೆಯವರು, ಹೀಗೆ ಬಿಳಿಯರ ಮನೆಮನೆಯಲ್ಲೂ ಅದೇ ಸುದ್ದಿ. ಮೇಲಿನವರಿಗೆ ಫೋನುಗಳು ಹೋದವು. ಇದೇ ಹೊತ್ತಿಗೆ ಅಂಗಡಿಯಲ್ಲಿ ಹಾಲಿನ ಡಬ್ಬಿಗೆ ಕೈ ಹಾಕಿದ್ದ ದೊಡ್ಡಮ್ಮನಿಗೆ ಕರ್ಸ್ಟಿ ಸಿಕ್ಕಳು. ಹೇಮಿಶ್ ಕಾಲ ಮೇಲೆ ಬಿಸಿ ಟೀ ಚೆಲ್ಲಿಕೊಂಡಿದ್ದನಂತೆ.

"ಬೇಕಾದ್ರೆ ನಿಮ್ಮನೆಗೆ ಬಂದು ಫ್ರಿಜ್ ತೆಗೆದು ನೋಡ್ತೀವಿ ಅಂದ್ರು ವರ್ನಾ. ನನ್ನ ಮನೆಗೆ!"

"ಬಂದು ನೋಡಿದ್ರಾ?"

"ಇಲ್ಲ. ಆದ್ರೆ ಕೇಳೋದೇ ಅವಮಾನ ಅಲ್ವಾ?"

"ಹೌದಮ್ಮ," ಅಂದಳು ದೊಡ್ಡಮ್ಮ. "ಅವಮಾನ."

ಕರ್ಸ್ಟಿಯೂ ದೂರು ಕೊಟ್ಟವರಲ್ಲಿ ಒಬ್ಬಳು ಅಂತ ಆಮೇಲೆ ತಿಳಿಯಿತು. ಮುಂದಿನ ಸಭೆಯಲ್ಲಿ ಪ್ರೂ ಕೈ ಹೊಸೆಯುತ್ತ, ಊರವರ ಮನಸ್ಸಿಗೆ ನೋವಾಗಿದೆ, ಯಾರಿಗೆ ಏನು ಕೇಳಬೇಕು ಅನ್ನುವುದನ್ನು ಇನ್ನು ಸಿಬ್ಬಂದಿಯ ವಿವೇಚನೆಗೆ ಬಿಟ್ಟಿದ್ದೇವೆ ಅಂದಳು. ಮೊದಲು ಯಾರ ವಿವೇಚನೆ ಇತ್ತಮ್ಮ ಅಂತ ದೊಡ್ಡಮ್ಮ ಕೇಳಿದಳು. ಪ್ರೂ ಕೇಕಿನ ತಟ್ಟೆಯನ್ನು ಅವಳ ಕಡೆ ಸರಿಸಿದಳು. ದೊಡ್ಡಮ್ಮ ಎದ್ದು ಹೊರಗೆ ನಡೆದಳು, ಗೋಡೆಯಿಂದ ಫೋಟೋ ಕಿತ್ತಳು, ರಕ್ತದ ಬ್ಯಾಂಡೇಜು ಹಾಕುವ ಬುಟ್ಟಿಗೆ ತುರುಕಿ ಚೀಲದ ಬಾಯಿ ಬಿಗಿದಳು. ಆ ವಾರವೇ ಕೆಲಸ ಬಿಟ್ಟಳು.

ಬಿಟ್ಟವಳು ಮನೆಯಲ್ಲಿ ಕೂರಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಅದೇ ಆಸ್ಪತ್ರೆಗೆ ಹೋಗಿ, ಕಾಯುವ ಜಾಗದಲ್ಲಿ ಹೆಣಿಗೆ ಹಿಡಿದು ಕೂರತೊಡಗಿದಳು. ಮಿಷನ್ ಕಡೆಯ ಮಗು ಬಂದರೆ ಹೋಗಿ ಅದರ ತಾಯಿಯ ಪಕ್ಕ ಕೂರುತ್ತಾಳೆ. ಹೆಚ್ಚು ಮಾತಾಡುವುದಿಲ್ಲ. ಪ್ರಶ್ನೆ ವಕ್ರವಾಗತೊಡಗಿದರೆ ತಲೆಯೆತ್ತಿ, "ಸಿಸ್ಟರ್, ಇದನ್ನ ಬೆಳಿಗ್ಗೆ ಬಂದಿದ್ದ ಆ ಯಮ್ಮನಿಗೂ ಕೇಳಿದ್ರಾ?" ಅನ್ನುತ್ತಾಳೆ. ಕೇಳುವವರ ದನಿ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ನಮ್ಮೂರಿನಿಂದ ಹೋಗುವ ಮಕ್ಕಳು ನಿಜಕ್ಕೂ ಕಡಿಮೆಯಾದರು. ಅದು ತಮ್ಮ ಯೋಜನೆಯ ಫಲ ಅಂತ ಇಲಾಖೆ ಹೇಳಿಕೊಂಡಿತು. ಪ್ರೂಗೆ ಬಡ್ತಿಯೂ ಸಿಕ್ಕಿತಂತೆ. ಇದನ್ನು ಕೇಳಿ ದೊಡ್ಡಮ್ಮ ಬಾಯಲ್ಲಿದ್ದ ಟೀಯನ್ನು ಅಂಗಳಕ್ಕೆ ಉಗುಳಿದಳು.

ಕಳೆದ ಜೂನ್‌ನ ಚಳಿಯಲ್ಲಿ ಕಣ್ಣಿನ ಪೊರೆ ತೆಗೆಸಲು ನಾನೇ ಅವಳನ್ನು ಡಬ್ಬೋಗೆ ಕರೆದುಕೊಂಡು ಹೋಗಿದ್ದೆ. ತಿರುಗಿ ಬಂದು ಬಸ್ಸಿಳಿಯುತ್ತಿದ್ದ ಹಾಗೆ ಶೆರೀ ಎದುರಿಗೆ ನಿಂತಿದ್ದಳು. ನಾವಿಲ್ಲದ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ತಾಶಾಳ ಮಗು ಹೀಟರ್ ಮುಟ್ಟಿ ಅಂಗೈ ಸುಟ್ಟುಕೊಂಡಿತ್ತು. ತಾಶಾ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು. ಮಗುವನ್ನು ಎತ್ತಿಕೊಂಡು ಹೋಗಿದ್ದರು.

ದೊಡ್ಡಮ್ಮನ ಕಣ್ಣಿನ ಪಟ್ಟಿಯನ್ನೂ ತೆಗೆದಿರಲಿಲ್ಲ. ಮನೆಗೆ ಹೋಗಿ ಮಲಗು ಅಂತ ನಾನು ಚೀಲ ಎತ್ತಿಕೊಂಡೆ.

"ಥೂ," ಅಂದಳು. "ನಾನು ಸತ್ತ ಮೇಲೆ ಏನ್ ಮಾಡ್ತೀರೇ?"

ಉತ್ತರಕ್ಕೆ ಕಾಯದೆ ತಾಶಾಳ ಮನೆ ಕಡೆ ನಡೆದಳು. ಕೇಸು ಇನ್ನೂ ಕೋರ್ಟಿನಲ್ಲಿದೆ. ದೊಡ್ಡಮ್ಮ ಕೋರ್ಟಿಗೆ ಹೋಗುವ ದಿನ ಆಸ್ಪತ್ರೆಯಲ್ಲಿ ಶೆರೀ ಕೂರುತ್ತಾಳೆ, ಶೆರೀಗೆ ಆಗದ ದಿನ ನಾನು.