ಮೇಳದ ಮೇಡಂ

ಹಾಡಿನಲ್ಲೇ ನಾಟಕ ಆಡುವ ನಮ್ಮ ನಗರದ ಒಪೆರಾ ಮಂದಿರದಲ್ಲಿ, ಒಟ್ಟಾಗಿ ಹಾಡುವ ಮೇಳದವರಿಗೆ ಹಾಡು ಕಲಿಸುವ ಮೇಡಂ ಒಬ್ಬರಿದ್ದಾರೆ. ಕೊರೊನಾ ಕಾಲದಲ್ಲಿ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದ್ದಾಗ "ಬಾಯಿ ತೆಗೀರಿ!" ಎಂದು ಗದರುತ್ತಿದ್ದವರು ಅವರೊಬ್ಬರೇ. ಮಂದಿರಕ್ಕೆ ಬೀಗ ಬಿದ್ದ ಮರುದಿನವೇ ಅಡುಗೆಮನೆಯ ಡಬ್ಬಿಗೆ ಫೋನು ಒರಗಿಸಿ, ಮೇಳದವರನ್ನೆಲ್ಲ ವಿಡಿಯೊ ಕಾಲ್‌ನೊಳಗೆ ಸೇರಿಸಿಬಿಟ್ಟರು. ಯಾರಾದರೂ ಮಂಚದ ಮೇಲೆ ಕೂತಿದ್ದರೆ, "ಎದ್ದು ನಿಲ್ಲಪ್ಪ, ಇದೇನು ಲಾಲಿ ಹಾಡಾ?" ಎನ್ನುವರು. ಅವರ ದನಿ ಏರಿದರೆ ಗೂಡಿನ ಲೋಟಗಳೂ ಶ್ರುತಿ ಸೇರಿಸುತ್ತಿದ್ದವು. "ಅತ್ತೆ, ಮೇಲಿನ ಮನೆಯವರು ಆಫೀಸಿನ ಮೀಟಿಂಗ್‌ನಲ್ಲಿದ್ದಾರಂತೆ" ಎಂದು ಅಳಿಯ ಗೋಗರೆದರೆ, "ಹಾಗಾದ್ರೆ ಕಿಟಕಿ ತೆಗೀರಿ, ಪಾಪ, ಅವರಿಗೂ ಚೆನ್ನಾಗಿ ಕೇಳಲಿ" ಎಂಬ ಉತ್ತರ. ಕೊನೆಗೆ ಸೋಂಕು ಅವರನ್ನೂ ಬಿಡಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಾಡು ಬಿಟ್ಟುಬಿಡಿ ಎಂದರು ಡಾಕ್ಟರು. ಮೇಡಂ ಬಿಟ್ಟದ್ದು ಡಾಕ್ಟರನ್ನು. ಆ ವಾರವೇ ಗೋಡೆ ಹಿಡಿದು ಫೋನಿನ ಮುಂದೆ ನಿಂತು, ವರ್ಷಗಟ್ಟಲೆ ಹಾಡಿದ್ದ ಸಾಲನ್ನೇ ಎತ್ತಿಕೊಂಡರು. ಅರ್ಧಕ್ಕೇ ಉಸಿರು ಕೈಕೊಟ್ಟಿತು. ಆ ಕಡೆ ಒಂದಿಬ್ಬರು ಕಣ್ಣೊರೆಸಿಕೊಂಡದ್ದು ಕಂಡು ಮೇಡಂ ಕೆಂಡವಾದರು. "ಅಳೋದ್ಯಾಕೆ? ಒಬ್ಬರ ಉಸಿರು ಮುಗಿದಲ್ಲಿಂದ ಇನ್ನೊಬ್ಬರು ಹಿಡ್ಕೋಬೇಕು, ಮೇಳ ಅಂದ್ರೆ ಅಷ್ಟೇ. ಹೂಂ, ಹಿಡ್ಕೊಳ್ಳಿ!"