ಗಣಿತಕ್ಕೆ ಆರು ಜನ

ಗೋಡೆಗೆ ಅಂಟಿಸಿದ ವೇಳಾಪಟ್ಟಿ ಕಂಡರೆ ಅದನ್ನು ಪೂರ್ತಿ ಓದದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಮನೆಯವರು ಇದನ್ನು ಚಪಲ ಎನ್ನುತ್ತಾರೆ, ನಾನು ಶಿಸ್ತು ಎನ್ನುತ್ತೇನೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಾನು ಹತ್ತಬೇಕಾದ ಬಸ್ಸು ನನ್ನನ್ನು ಬಿಟ್ಟು ಹೋದದ್ದು ಎರಡು ಸಲ. ಎರಡು ಸಲವೂ ಅದು ಎಷ್ಟು ಗಂಟೆಗೆ ಹೊರಡುತ್ತದೆಂದು ನಾನು ಪಟ್ಟಿಯಲ್ಲಿ ಓದುತ್ತಾ ನಿಂತಿದ್ದೆ.

ಶಾಲೆಯ ವೇಳಾಪಟ್ಟಿಯಾದರಂತೂ ಕೇಳುವುದೇ ಬೇಡ. ಯಾರದೋ ಮಗುವನ್ನು ಶಾಲೆಗೆ ಸೇರಿಸಲು ಜೊತೆಗೆ ಹೋದಾಗಲೂ ನನ್ನ ಕಣ್ಣು ಮೊದಲು ಹುಡುಕುವುದು ಅದನ್ನೇ. ಯಾವ ವಿಷಯಕ್ಕೆ ವಾರಕ್ಕೆಷ್ಟು ಪೀರಿಯಡ್ಡು, ಡ್ರಿಲ್ಲು ಊಟಕ್ಕೆ ಮುಂಚೆಯೋ ಆಮೇಲೋ, ಹೊಲಿಗೆಯನ್ನು ಬೆಳಕಿರುವ ಹೊತ್ತಿನಲ್ಲಿ ಇಟ್ಟಿದ್ದಾರೋ ಇಲ್ಲವೋ, ಎಲ್ಲ ನೋಡಿಯೇ ಬರುತ್ತೇನೆ. ಊಟವಾದ ಮೇಲೆ ಗಣಿತ ಇಟ್ಟವರನ್ನು ನಾನು ಈವರೆಗೆ ಕ್ಷಮಿಸಿಲ್ಲ.

ಈ ಅಭ್ಯಾಸ ಅಂಟಿಕೊಂಡದ್ದು ನಾನು ಓದಿದ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ. ಚಿಕ್ಕಬಳ್ಳಾಪುರದ ಅಂಚಿನಲ್ಲಿ, ಹೆಂಚಿನ ಮಾಡಿನ ಎರಡು ಉದ್ದನೆಯ ಕಟ್ಟಡಗಳು. ಒಂದರಲ್ಲಿ ಓದು, ಇನ್ನೊಂದರಲ್ಲಿ ಊಟ ಮತ್ತು ನಿದ್ದೆ. ಐವತ್ತರ ದಶಕದ ನಡುವಿನ ಮಾತು. ಬೆಳಗಿನ ಜಾವ ಐದಕ್ಕೆ ಗಂಟೆ, ಐದೂಕಾಲಕ್ಕೆ ಹಾಸಿಗೆ ಸುತ್ತಿರಬೇಕು, ಐದೂವರೆಗೆ ಪುಸ್ತಕ ತೆರೆದಿರಬೇಕು. ಕಣ್ಣು ತೆರೆದಿರಬೇಕೆಂದು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಕೆಲವರು ಆ ಸೌಲಭ್ಯ ಬಳಸಿಕೊಳ್ಳುತ್ತಿದ್ದರು.

ಹಿಂದಿನವರು ಅರವತ್ನಾಲ್ಕು ವಿದ್ಯೆಗಳ ಪಟ್ಟಿ ಮಾಡಿದ್ದರಲ್ಲ, ಅದನ್ನು ನೀವು ಎಂದಾದರೂ ಕೂತು ಓದಿದ್ದೀರಾ? ಹಾಡು, ಕುಣಿತ, ಚಿತ್ರ ಸರಿಯೇ. ಹೂ ಕಟ್ಟುವುದು, ಹಾಸಿಗೆ ಹಾಸುವುದು, ಗಿಳಿಗೆ ಮಾತು ಕಲಿಸುವುದು, ಇವೂ ಅಲ್ಲಿ ವಿದ್ಯೆಗಳೇ. ನಮ್ಮ ಶಾಲೆ ಅಷ್ಟು ದೂರ ಹೋಗದಿದ್ದರೂ ಆ ದಿಕ್ಕಿಗೆ ಹೊರಟಿತ್ತೆಂದು ಹೆಮ್ಮೆಯಿಂದ ಹೇಳಬಲ್ಲೆ. ಕನ್ನಡ, ಇಂಗ್ಲಿಷು, ಹಿಂದಿ, ಸಮಾಜ, ವಿಜ್ಞಾನ ಇವು ಎಲ್ಲ ಕಡೆಯೂ ಇದ್ದವೇ. ಇವಲ್ಲದೆ ಹೊಲಿಗೆ, ನೂಲುವುದು, ಸಂಗೀತ, ಡ್ರಿಲ್ಲು, ತೋಟಗಾರಿಕೆ. ತೋಟಗಾರಿಕೆಗೂ ಪರೀಕ್ಷೆ ಇತ್ತು. ಶನಿವಾರ ಟೀಚರು ಪಾತಿಯಿಂದ ಪಾತಿಗೆ ಹೋಗಿ ಬದನೆಕಾಯಿ ನೋಡಿ ಅಂಕ ಕೊಡುತ್ತಿದ್ದರು, ಭಾನುವಾರ ಆ ಉತ್ತರಪತ್ರಿಕೆಗಳನ್ನು ನಾವು ಹುಳಿಯಲ್ಲಿ ತಿನ್ನುತ್ತಿದ್ದೆವು. ಒಂದು ವರ್ಷ ರೇಷ್ಮೆಹುಳು ಸಾಕುವುದನ್ನೂ ಇಟ್ಟರು. ಮೊದಲ ಪಾಠದಲ್ಲೇ ಶಿಡ್ಲಘಟ್ಟದ ಹುಡುಗಿಯೊಬ್ಬಳು ಎದ್ದು ನಿಂತು, "ಇಷ್ಟೇ ಸೊಪ್ಪು ಹಾಕಿದ್ರೆ ನಮ್ಮನೇಲಿ ಹುಳಗಳು ಉಪವಾಸ ಸಾಯ್ತವೆ ಟೀಚರ್" ಎಂದಳು. ಉಳಿದ ಪಾಠಗಳನ್ನು ಅವಳೇ ಮಾಡಿದಳು. ಟೀಚರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡರು.

ಒಂಬತ್ತನೆಯ ತರಗತಿಗೆ ಬಂದಾಗ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಾಗಿತ್ತು. ಎಲ್ಲರೂ ಕಲಿಯುವ ಸಾಮಾನ್ಯ ಗಣಿತದ ಮೇಲೆ, ಪ್ರಮೇಯ ಬೀಜಗಣಿತಗಳ ದೊಡ್ಡ ಗಣಿತ ಒಂದು ಕಡೆ. ಗೃಹವಿಜ್ಞಾನ ಇನ್ನೊಂದು ಕಡೆ. ಆಯ್ಕೆಯೇನೋ ನಮ್ಮದು. ಆದರೆ ನಮ್ಮ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯ ಹೊರಗೆ, ಕಟ್ಟು ಹಾಕಿಸಿದ ಗಾಜಿನೊಳಗೆ, ಅವರದೇ ಅಕ್ಷರದಲ್ಲಿ ಒಂದು ನಿಯಮ ತೂಗುತ್ತಿತ್ತು: "ಯಾವುದೇ ಐಚ್ಛಿಕ ವಿಷಯವನ್ನು ಓದುವವರು ಆರು ಮಂದಿಗಿಂತ ಕಡಿಮೆಯಾದಲ್ಲಿ ಆ ವರ್ಷ ಅದನ್ನು ಬೋಧಿಸತಕ್ಕದ್ದಲ್ಲ." ಅವರನ್ನು ನಾವು ದೊಡ್ಡ ಮಿಸ್ಸು ಎನ್ನುತ್ತಿದ್ದೆವು. ಇತಿಹಾಸ ಓದಿದವರು. ಬಿಳಿ ಸೀರೆ, ಕಪ್ಪು ಚಪ್ಪಲಿ, ಎಡಗೈಯಲ್ಲಿ ಗಂಡಸರ ಗಡಿಯಾರ. ಶಾಲೆಯ ಗಂಟೆ ತಪ್ಪಿದರೆ ಅವರ ಗಡಿಯಾರ ನೋಡಿ ಗಂಟೆಯನ್ನು ತಿದ್ದುತ್ತಿದ್ದರು.

ನಮ್ಮೂರು ಮಂಚೇನಹಳ್ಳಿ. ಅಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ನನ್ನನ್ನು ವಸತಿ ಶಾಲೆಗೆ ಸೇರಿಸಿದ್ದೇ ಗಣಿತಕ್ಕಾಗಿ. ಆ ವರ್ಷ ಬೇಸಿಗೆ ರಜೆ ಮುಗಿಸಿ ಹೊರಡುವಾಗ ಅವರು ಒಂದೇ ಮಾತು ಹೇಳಿದರು. "ಗಣಿತ ಸಿಕ್ಕಿದ್ರೆ ಓದು. ಸಿಗಲಿಲ್ಲಾಂದ್ರೆ ಕಾಗದ ಹಾಕಮ್ಮ, ಬಂದು ಕರಕೊಂಡು ಬರ್ತೀನಿ. ಅಡಿಗೆ ಕಲಿಯೋಕೆ ಹಾಸ್ಟೆಲ್ ಯಾಕೆ? ನಿಮ್ಮಮ್ಮ ಮನೇಲೇ ಇದಾಳೆ." ಅಪ್ಪ ಬೆದರಿಸುವ ಜಾತಿಯವರಲ್ಲ. ಹೇಳಿದ್ದನ್ನು ಮಾಡುವವರು. ಅದರಿಂದ ಹೆಚ್ಚು ಹೆದರಿಕೆಯಾಗಿತ್ತು. ನಮ್ಮೂರಿನಲ್ಲಿ ಆಗ ಹೈಸ್ಕೂಲಿರಲಿಲ್ಲ. ಮನೆಗೆ ಹೋದರೆ ಓದು ಮುಗಿದಂತೆಯೇ.

ಹೆಸರು ಕೊಡಲು ಸೋಮವಾರ ಕಡೆಯ ದಿನ. ಭಾನುವಾರದ ಹೊತ್ತಿಗೆ ಗಣಿತಕ್ಕೆ ಐದು ಜನರಾಗಿದ್ದೆವು. ಗೃಹವಿಜ್ಞಾನಕ್ಕೆ ಹತ್ತೊಂಬತ್ತು. ಇದಕ್ಕೆ ಹುಡುಗಿಯರ ಬುದ್ಧಿಶಕ್ತಿ ಕಾರಣವಲ್ಲ, ಕೇಸರಿಬಾತು ಕಾರಣ. ಗೃಹವಿಜ್ಞಾನದವರು ಪ್ರತಿ ಬುಧವಾರ ಒಂದು ಸಿಹಿ ಮಾಡಿ ತಾವೇ ತಿನ್ನುತ್ತಿದ್ದರು. ವಾರವಿಡೀ ಮುದ್ದೆ, ಬಸ್ಸಾರು ಉಣ್ಣುವ ಹಾಸ್ಟೆಲ್ಲಿನಲ್ಲಿ ಪೈಥಾಗೊರಸ್ ಅದಕ್ಕೆ ಎದುರು ನಿಲ್ಲುವುದಾದರೂ ಹೇಗೆ?

ಆದರೂ ನಾನು ನನ್ನ ಗೆಳತಿ ರತ್ನಳ ಹತ್ತಿರ ಹೋದೆ. ಚಿಂತಾಮಣಿಯವಳು. ಮನೆಯವರದು ತರಕಾರಿ ಮಂಡಿ. ಮಣ, ಸೇರುಗಳ ಲೆಕ್ಕವನ್ನು ತೆಲುಗಿನಲ್ಲಿ ಬಾಯಲ್ಲೇ ಮಾಡಿ ಮುಗಿಸುತ್ತಿದ್ದಳು.

"ನೀನೊಬ್ಳು ಹೆಸರು ಕೊಟ್ರೆ ಆರಾಗ್ತದೆ ಕಣೇ" ಎಂದೆ.

"ನಿಮ್ಮ ಗಣಿತದಲ್ಲಿ ತಿನ್ನೋಕೆ ಏನು ಕೊಡ್ತಾರೆ?"

"ಏನೂ ಇಲ್ಲ."

"ಮತ್ತೆ ಎಲ್ಲಾ ಗೊತ್ತಿದ್ದೂ ಕೇಳ್ತೀಯಲ್ಲೇ ತಲ್ಲಿ" ಎಂದಳು ರತ್ನ. "ತ್ರಿಕೋಣ ತಿಂದು ಯಾರಾದ್ರೂ ದಪ್ಪ ಆಗಿದಾರಾ? ನಮ್ಮಮ್ಮ ಬೇರೆ, ಮೈಸೂರುಪಾಕು ಕಲೀದೆ ಮನೆಗೆ ಬರಬೇಡ ಅಂದಿದಾಳೆ."

ಅವಳ ಅಮ್ಮನೂ ಹೇಳಿದ್ದನ್ನು ಮಾಡುವವರಿರಬೇಕು. ನಾನು ಮತ್ತೆ ಒತ್ತಾಯಿಸಲಿಲ್ಲ. ಸೋಮವಾರ ಸಂಜೆ ಅಪ್ಪನಿಗೆ ಕಾರ್ಡು ಬರೆದೆ: "ಐದೇ ಜನ ಆಗಿದ್ದೇವೆ." ಮುಂದೆ ಬರೆಯಲು ಆಗಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ದೊಡ್ಡ ಮಿಸ್ಸು ನಮ್ಮೈದು ಜನರನ್ನೂ ಕರೆಸಿದರು. ನಾನು ಗಾಜಿನೊಳಗಿನ ನಿಯಮವನ್ನು ಒಂದು ಸಲ ಓದಿಕೊಂಡೇ ಒಳಗೆ ಹೋದೆ. ಅಭ್ಯಾಸ.

"ಒಂದು ಸಂಖ್ಯೆ ಕಮ್ಮಿ" ಎಂದರು.

ನಮ್ಮಲ್ಲಿ ಧೈರ್ಯಸ್ಥೆಯೊಬ್ಬಳು, "ನಿಯಮ ಮಾಡಿದೋರು ನೀವೇ ಅಲ್ವಾ ಮಿಸ್? ಐದು ಅಂತ ತಿದ್ದಿಬಿಟ್ರೆ ಆಗಲ್ವಾ?" ಎಂದು ಕೇಳಿಯೇಬಿಟ್ಟಳು.

"ನನಗೆ ಬೇಕಾದಾಗ ತಿದ್ದೋ ಹಾಗಿದ್ರೆ ಅದಕ್ಕೆ ಗಾಜು ಯಾಕಮ್ಮ ಹಾಕಿಸ್ಬೇಕಿತ್ತು?" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಓದುವವರು ಆರು ಜನ ಬೇಕು ಅಂತ ಬರೆದಿದೀನಿ. ವಯಸ್ಸೆಷ್ಟು ಅಂತ ಬರೆದಿಲ್ಲ. ನಾಳೆಯಿಂದ ಮೂರನೇ ಪೀರಿಯಡ್ಡು. ಹಿಂದಿನ ಬೆಂಚು ನನಗೆ ಬಿಡಿ" ಎಂದರು.

ತಮಾಷೆ ಇರಬೇಕೆಂದುಕೊಂಡು ನಾವು ನಗಲು ಸಿದ್ಧರಾದೆವು. ಅವರು ನಗಲಿಲ್ಲ. ನಾವೂ ಬಾಯಿ ಮುಚ್ಚಿಕೊಂಡು ಹೊರಗೆ ಬಂದೆವು.

ಬುಧವಾರ ಮೂರನೆಯ ಪೀರಿಯಡ್ಡಿನ ಗಂಟೆ ಹೊಡೆಯಿತು. ದೊಡ್ಡ ಮಿಸ್ಸು ಹೊಸ ನೋಟುಪುಸ್ತಕ, ಕಂಪಾಸು ಪೆಟ್ಟಿಗೆ ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಗಣಿತದ ಮೇಷ್ಟ್ರು ಗಂಡುಮಕ್ಕಳ ಹೈಸ್ಕೂಲಿನಿಂದ ನಿವೃತ್ತರಾದವರು, ಕೊಡೆ ಇಲ್ಲದೆ ಎಲ್ಲೂ ಹೋಗದವರು. ಪಾಪ, ಅವರ ಕಷ್ಟ ಹೇಳತೀರದು. ತಮ್ಮನ್ನು ಕೆಲಸಕ್ಕೆ ತೆಗೆದುಕೊಂಡವರನ್ನು ಹೆಸರು ಹಿಡಿದು ಕೂಗುವುದು ಹೇಗೆ? ನಮ್ಮೈದು ಜನರ ಹೆಸರು ಕರೆದು ಒಂದು ಸಲ ಕೆಮ್ಮಿದರು. ಹಿಂದಿನಿಂದ ಗಟ್ಟಿಯಾಗಿ, "ಪ್ರೆಸೆಂಟ್ ಸಾರ್" ಎಂದು ಕೇಳಿಸಿತು. ಅಂದಿನಿಂದ ಎರಡು ವರ್ಷ ಆ ಕೆಮ್ಮೇ ದೊಡ್ಡ ಮಿಸ್ಸಿನ ಹಾಜರಿಯಾಯಿತು. ಮೇಷ್ಟ್ರಿಗೆ ನೆಗಡಿಯಾದ ದಿನ ಮಾತ್ರ ಸ್ವಲ್ಪ ಗೊಂದಲವಾಗುತ್ತಿತ್ತು.

ದೊಡ್ಡ ಮಿಸ್ಸಿಗೆ ಗಣಿತ ಬರುತ್ತಿರಲಿಲ್ಲ. ಇದನ್ನು ನಾನು ಗೌರವದಿಂದಲೇ ಹೇಳುತ್ತಿದ್ದೇನೆ. ಮೊದಲನೆಯ ಪ್ರಮೇಯಕ್ಕೆ ಅವರು ಇತಿಹಾಸದ ಪ್ರಶ್ನೆಗೆ ಬರೆಯುವ ಹಾಗೆ ಪೀಠಿಕೆ, ಕಾರಣಗಳು, ಪರಿಣಾಮಗಳು ಎಂದು ಮೂರು ಪುಟ ಉತ್ತರ ಬರೆದರು. ಮೇಷ್ಟ್ರು ಹತ್ತಕ್ಕೆ ಎರಡು ಕೊಟ್ಟು, "ಅಕ್ಷರಕ್ಕೆ" ಎಂದು ಪಕ್ಕದಲ್ಲಿ ಬರೆದರು. ದೊಡ್ಡ ಮಿಸ್ಸು ಅದನ್ನು ನಮಗೆಲ್ಲ ತೋರಿಸಿ, "ನನಗಿಂತ ಕಮ್ಮಿ ಬಂದೋರು ಯಾರಿದೀರಿ?" ಎಂದು ಕೇಳಿದರು. ಯಾರೂ ಇರಲಿಲ್ಲ. "ಸರಿ, ಹಾಗಾದ್ರೆ ನನಗೆ ಹೇಳಿಕೊಡೋರು ಐದು ಜನ ಇದೀರಿ" ಎಂದರು. ಬೆಳಗಿನ ಐದೂವರೆಯ ಓದಿನ ಹೊತ್ತಿನಲ್ಲಿ ನಾವು ಸರದಿಯ ಮೇಲೆ ಅವರಿಗೆ ಹೇಳಿಕೊಡತೊಡಗಿದೆವು. ಇನ್ನೊಬ್ಬರಿಗೆ ಹೇಳಿಕೊಡಬೇಕಾದರೆ ತನಗೆ ಎಷ್ಟು ಗೊತ್ತಿಲ್ಲ ಎಂದು ಗೊತ್ತಾಗುತ್ತದೆ. ಆ ವರ್ಷ ನಮ್ಮೈವರ ಗಣಿತ ಗಟ್ಟಿಯಾದದ್ದು ಅವರ ದಡ್ಡತನದಿಂದ.

ಇತ್ತ ನನ್ನ ಕಾರ್ಡು ಮಂಚೇನಹಳ್ಳಿ ತಲುಪಿಬಿಟ್ಟಿತ್ತು. ಆರಾದ ಸುದ್ದಿಯನ್ನು ಬುಧವಾರವೇ ಇನ್ನೊಂದು ಕಾರ್ಡಿನಲ್ಲಿ ಬರೆದು ಹಾಕಿದ್ದೆ. ಅದು ಊರಿಗೆ ಹೋಗುವಷ್ಟರಲ್ಲಿ ಅಪ್ಪ ಊರು ಬಿಟ್ಟಿದ್ದರು. ಶುಕ್ರವಾರ ಬಸ್ಸಿಳಿದು ನೇರವಾಗಿ ಶಾಲೆಗೆ ಬಂದರು. ಟ್ರಂಕು ಕಟ್ಟಲು ಹಗ್ಗ ಸಮೇತ ಬಂದಿದ್ದರು. ಮೂರನೆಯ ಪೀರಿಯಡ್ಡು ನಡೆಯುತ್ತಿತ್ತು. ಜವಾನ ನಮ್ಮ ಕೊಠಡಿ ತೋರಿಸಿದ. ಅವರು ಕಿಟಕಿಯ ಪಕ್ಕ ನಿಂತುಕೊಂಡರು.

ನಾನು ಅವರನ್ನು ನೋಡಿದೆ, ಹಗ್ಗವನ್ನೂ ನೋಡಿದೆ. ಮುಂದೆ ಬೋರ್ಡಿನ ಮೇಲೆ ಏನಿತ್ತೋ ನನಗೆ ಕಾಣಲಿಲ್ಲ. ಅಪ್ಪನ ಕಣ್ಣು ಮಾತ್ರ ನನ್ನ ಮೇಲೆ ಇರಲಿಲ್ಲ, ನನ್ನ ಹಿಂದೆ ಇತ್ತು. ಆ ದಿನ ಮನೆಲೆಕ್ಕ ಮಾಡದವರು ಎದ್ದು ನಿಲ್ಲಬೇಕೆಂದು ಮೇಷ್ಟ್ರು ಹೇಳಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬರೇ ಎದ್ದು ನಿಂತಿದ್ದರು. ಮೇಷ್ಟ್ರು ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು, ಆ ಪೀರಿಯಡ್ಡು ಮುಗಿಯುವವರೆಗೆ ತಿರುಗಲೇ ಇಲ್ಲ. ಕೂತುಕೊಳ್ಳಿ ಎನ್ನುವ ಧೈರ್ಯವೂ ಅವರಿಗಿರಲಿಲ್ಲ, ನಿಂತಿರಿ ಎನ್ನುವ ಧೈರ್ಯವೂ ಇರಲಿಲ್ಲ.

ಗಂಟೆ ಹೊಡೆದ ಮೇಲೆ ದೊಡ್ಡ ಮಿಸ್ಸು ಹೊರಗೆ ಬಂದರು. ನಾನು ಬಾಗಿಲಲ್ಲೇ ನಿಂತೆ.

"ಯಾರನ್ನ ನೋಡ್ಬೇಕಿತ್ತು?" ಎಂದು ಅಪ್ಪನನ್ನು ಕೇಳಿದರು.

"ನಮ್ಮ ಹುಡುಗೀನ ಕರಕೊಂಡು ಹೋಗೋಣ ಅಂತ ಬಂದೆ ತಾಯಿ. ಗಣಿತಕ್ಕೆ ಐದೇ ಜನ ಅಂತ ಬರೆದಿದ್ಲು."

"ಐದಲ್ಲ, ಆರು."

"ಆರನೆಯೋರು?"

"ನಾನೇ."

ಅಪ್ಪ ಹಗ್ಗವನ್ನು ಬೆನ್ನ ಹಿಂದೆ ಸರಿಸಿದರು. "ತಾವು ನಿಂತಿದ್ರಲ್ಲ ಒಳಗೆ?"

"ಮನೆಲೆಕ್ಕ ಮಾಡಿರಲಿಲ್ಲ. ನಿನ್ನೆ ಸಂಜೆ ಕಮಿಟಿಯೋರು ಬಂದಿದ್ರು" ಎಂದರು ದೊಡ್ಡ ಮಿಸ್ಸು. ಮತ್ತೆ ತಾವೇ, "ಅದು ನೆಪ ಬಿಡಿ. ಬೆಳಿಗ್ಗೆ ಮಾಡಬಹುದಾಗಿತ್ತು" ಎಂದು ಹೇಳಿ, ಗಡಿಯಾರ ನೋಡಿಕೊಂಡು ನಾಲ್ಕನೆಯ ಪೀರಿಯಡ್ಡಿಗೆ ಹೊರಟುಹೋದರು. ಎಂಟನೆಯ ತರಗತಿಗೆ ಇತಿಹಾಸ ಪಾಠ ಮಾಡಬೇಕಾಗಿತ್ತು.

ಅಪ್ಪ ಇಪ್ಪತ್ತು ವರ್ಷ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದ ಮೇಷ್ಟ್ರು. ಅವರು ಆ ಬೆನ್ನನ್ನು ವರಾಂಡದ ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕೈಗೆ ಹಗ್ಗ ಕೊಟ್ಟು, "ಬಟ್ಟೆ ಒಣಹಾಕೋಕೆ ಇಟ್ಕೋಮ್ಮ" ಎಂದರು. ಮುಂದೆ ನನ್ನ ಓದು ಮುಗಿಯುವವರೆಗೆ ಅವರು ಕರೆದುಕೊಂಡು ಹೋಗುವ ಮಾತೆತ್ತಲಿಲ್ಲ. ಊರಿನಲ್ಲಿ ಕಂಡಕಂಡವರಿಗೆಲ್ಲ, "ನಮ್ಮ ಹುಡುಗಿ ಓದೋ ಸ್ಕೂಲಲ್ಲಿ ಹೆಡ್ಮಿಸ್ಸೇ ಹೋಂವರ್ಕ್ ಮಾಡ್ತಾರೆ" ಎಂದು ಹೇಳಿಕೊಂಡು ಬಂದರು. ಮಾಡದ ದಿನವೇ ನೋಡಿದ್ದು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಿದ್ದರು.

ಆ ಎರಡು ವರ್ಷ ರತ್ನ ಬುಧವಾರ ಬುಧವಾರ ಮುತ್ತುಗದ ಎಲೆಯಲ್ಲಿ ಸಿಹಿ ಕಟ್ಟಿಕೊಂಡು ಬಂದು, "ತಗೊಳ್ರಮ್ಮ, ತ್ರಿಕೋಣ ತಿನ್ನೋ ಬಡವ್ರು" ಎಂದು ಕೊಡುತ್ತಿದ್ದಳು. ಆರು ಪಾಲು ಇರುತ್ತಿತ್ತು. ದೊಡ್ಡ ಮಿಸ್ಸು ತಮ್ಮದನ್ನು ಪೀರಿಯಡ್ಡು ಮುಗಿದ ಮೇಲೆಯೇ ಬಿಚ್ಚುತ್ತಿದ್ದರು. ನಾವೈವರೂ ಗಣಿತದಲ್ಲಿ ಪಾಸಾದೆವು. ಮಿಸ್ಸು ಪಬ್ಲಿಕ್ ಪರೀಕ್ಷೆಗೆ ಕೂರುವಂತಿರಲಿಲ್ಲ. ಮೇಷ್ಟ್ರು ಅವರೊಬ್ಬರಿಗೇ ಒಂದು ಪ್ರಶ್ನೆಪತ್ರಿಕೆ ಬರೆದು ಕೊಟ್ಟು, ಮೂರು ಗಂಟೆ ಎದುರಿಗೆ ಕೂತಿದ್ದರು. ನೂರಕ್ಕೆ ಮೂವತ್ತೆಂಟು ಬಂತು. ಅವರ ಇತಿಹಾಸದ ಪದವಿಪತ್ರ ಅವರ ಕೊಠಡಿಯಲ್ಲಿ ಎಲ್ಲಿತ್ತೋ ನಾನು ಕಾಣೆ. ಈ ಮೂವತ್ತೆಂಟನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅವರು ಹಾಗೇಕೆ ಮಾಡಿದರೆಂದು ನಾನು ಕೇಳಲಿಲ್ಲ. ಆ ಕಾಲದಲ್ಲಿ ದೊಡ್ಡವರನ್ನು ಕೇಳುವ ಪದ್ಧತಿ ಇರಲಿಲ್ಲ. ನನ್ನ ಊಹೆ ಇಷ್ಟೇ: ಶಾಲೆಯ ಪಟ್ಟಿಯಲ್ಲಿ ಒಂದು ವಿಷಯ ಒಂದು ವರ್ಷ ಬಿಟ್ಟುಹೋದರೆ ಮರುವರ್ಷ ಅದನ್ನು ಕೇಳುವವರೂ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಬೇಕಾದರೆ ನೋಡಿ, ಮರುವರ್ಷ ಒಂಬತ್ತಕ್ಕೆ ಬಂದವರಲ್ಲಿ ಗಣಿತಕ್ಕೆ ಹನ್ನೊಂದು ಜನ ಹೆಸರು ಕೊಟ್ಟರು. ಕೇಸರಿಬಾತು ಹಾಗೆಯೇ ಇತ್ತು.

ನಾನೂ ಮೇಷ್ಟ್ರಾದೆ, ಗಣಿತಕ್ಕೇ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಗೌರಿಬಿದನೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವೇಳಾಪಟ್ಟಿ ಬರೆಯುವ ಕೆಲಸ ನನ್ನದಾಗಿತ್ತು. ಅಲ್ಲೂ ಅಂಥದೇ ನಿಯಮವಿತ್ತು, ಒಂದು ವರ್ಷ ಸಂಗೀತಕ್ಕೆ ಒಂದು ತಲೆ ಕಡಿಮೆಯಾಯಿತು. ಚೆನ್ನಾಗಿ ಹಾಡುವ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಪಟ್ಟಿಯಲ್ಲಿ ನನ್ನ ಒಂದು ಬಿಡುವಿನ ಪೀರಿಯಡ್ಡು ಹೊಡೆದುಹಾಕಿ, ಚಾಪೆ ಹಿಡಿದುಕೊಂಡು ಸಂಗೀತದ ತರಗತಿಗೆ ಹೋಗಿ ಕೂತೆ. ಮೂರು ದಿನ ಮಕ್ಕಳ ಜೊತೆ ಸರಿಗಮದ ಸರಳೆ ಹೇಳಿದೆ. ನಾಲ್ಕನೆಯ ದಿನ ಸಂಗೀತದ ಟೀಚರು ನನ್ನ ಹತ್ತಿರ ಬಂದು, ಬಹಳ ಸೌಜನ್ಯದಿಂದ ಕಿವಿಯಲ್ಲಿ ಹೇಳಿದರು.

"ಅಕ್ಕಾ, ಲೆಕ್ಕಕ್ಕೆ ನೀವು ಕೂತ್ರೆ ಸಾಕಲ್ವಾ? ಹಾಡೋದು ಈ ಮಕ್ಕಳು ಹಾಡ್ಲಿ."

ಉಳಿದ ವರ್ಷವೆಲ್ಲ ಬಾಯಿ ಮುಚ್ಚಿಕೊಂಡು ಕೂತೆ. ಒಂದು ದಿನವೂ ತಪ್ಪಿಸಲಿಲ್ಲ.